ಮೊದಲು ತೋಟಾ, ಆಮೇಲೆ ಪಿಸ್ತೂಲು

ಟೆಕ್ಸಸ್‌ಗೆ ಬಂದು ನೆಲೆಸಿ, ಗ್ರೀನ್ ಕಾರ್ಡ್ ಕೈಗೆ ಬಂದ ಕನ್ನಡದ ಹುಡುಗರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಅಕ್ಕಾ, ಮೊದಲ ಪಿಸ್ತೂಲು ಯಾವುದು ತೆಗೆದುಕೊಳ್ಳಲಿ?" ಗ್ಲಾಕ್ ಚೆಂದವೋ ಸಿಗ್ ಚೆಂದವೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ತಿಂಗಳಿಗೆ ಎಷ್ಟು ಸಲ ಗುಂಡು ಹಾರಿಸುವ ರೇಂಜಿಗೆ ಹೋಗುತ್ತೀರಿ, ಹೋದರೆ ಎಷ್ಟು ತೋಟಾ ಸುಡುತ್ತೀರಿ ಎಂದು ತಿರುಗಿ ಕೇಳುತ್ತೇನೆ. ಡಲ್ಲಾಸ್ ಸಮೀಪದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವವಳು ನಾನು. ಪಿಸ್ತೂಲಿನ ದುಡ್ಡು ಒಮ್ಮೆ ಕೊಟ್ಟರೆ ಮುಗಿಯಿತು, ತೋಟಾದ ದುಡ್ಡು ಮಾತ್ರ ಪಿಸ್ತೂಲು ಮನೆಯಲ್ಲಿರುವಷ್ಟು ಕಾಲ ಹೋಗುತ್ತಲೇ ಇರುತ್ತದೆ.

ಲೆಕ್ಕಕ್ಕೆ ಕೂರುವ ಮೊದಲು ಕಾನೂನಿನ ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರಿಗೆ ಬಂದೂಕು ಮಾತ್ರವಲ್ಲ, ತೋಟಾ ಇಟ್ಟುಕೊಳ್ಳಲೂ ಫೆಡರಲ್ ಕಾನೂನು ಬಿಡುವುದಿಲ್ಲ. ಬೇಟೆಯ ಲೈಸೆನ್ಸ್‌ನಂತಹ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೂ ಪೌರರಿಗೂ ಈ ತಡೆ ಇಲ್ಲ. ಅಂಗಡಿಯಿಂದ ಪಿಸ್ತೂಲು ಅಥವಾ ಅದರ ತೋಟಾ ಕೊಳ್ಳಲು 21 ವರ್ಷ ತುಂಬಿರಬೇಕು.

ಈಗ ಲೆಕ್ಕ. ತಿಂಗಳಿಗೆ ಎರಡು ಸಲ, ಸಲಕ್ಕೆ ನೂರು ತೋಟಾ ಎಂದು ಹಿಡಿಯಿರಿ. ಕೈ ಪಳಗಬೇಕಾದರೆ ಇದಕ್ಕಿಂತ ಕಡಿಮೆ ಸಾಲದು. ವರ್ಷಕ್ಕೆ 2,400 ಆಯಿತು. ತೋಟಾದ ಹೆಸರಿನಲ್ಲಿರುವ ಅಂಕಿ ಸುಮಾರಾಗಿ ಗುಂಡಿನ ಅಡ್ಡಳತೆ, ಅಂದರೆ ಕ್ಯಾಲಿಬರ್: 9 ಎಂಎಂ ಮಿಲಿಮೀಟರಿನಲ್ಲಿ, .45, .380ರಂಥವು ಇಂಚಿನಲ್ಲಿ. ನಮ್ಮ ಕಡೆ ಅಭ್ಯಾಸಕ್ಕೆ ಬಳಸುವ ಸಾಧಾರಣ 9 ಎಂಎಂ ತೋಟಾ ಒಂದಕ್ಕೆ 25 ಸೆಂಟ್ ಆಸುಪಾಸು ಬೀಳುತ್ತದೆ. ವರ್ಷಕ್ಕೆ 600 ಡಾಲರ್. .45 ಎಸಿಪಿ 45 ಸೆಂಟ್ ಎಂದರೆ 1,080 ಡಾಲರ್. ಎರಡರ ನಡುವಿನ 480 ಡಾಲರ್‌ನಲ್ಲಿ ಪ್ರತಿ ವರ್ಷ ಒಂದು ಒಳ್ಳೆಯ ಪಿಸ್ತೂಲೇ ಬರುತ್ತದೆ. .45ರ ಅಭಿಮಾನಿಗಳು ಇದನ್ನು ಕೇಳಿ ಮುಖ ಸಿಂಡರಿಸುತ್ತಾರೆ. 1911ರಿಂದ ಬಂದ .45 ಪಿಸ್ತೂಲಿನ ಗತ್ತು ನನಗೂ ಇಷ್ಟವೇ, ಆದರೆ ಗತ್ತಿಗೆ ನನ್ನ ಖಾತೆಯಲ್ಲಿ ಕಲಮು ಇಲ್ಲ.

ತೋಟಾ ಚಿಕ್ಕದಾದಷ್ಟೂ ಅಗ್ಗ ಎಂದು ಹಲವರು ನಂಬಿರುತ್ತಾರೆ. ಹಾಗಿದ್ದರೆ .380 ಎಸಿಪಿ 9 ಎಂಎಂಗಿಂತ ಅಗ್ಗವಾಗಬೇಕಿತ್ತು. ಸೀಸವೂ ಮದ್ದೂ ಅದರಲ್ಲಿ ಕಡಿಮೆ. ಅಂಗಡಿಯಲ್ಲಿ ನೋಡಿದರೆ ಒಂದಕ್ಕೆ ಹತ್ತು ಸೆಂಟ್‌ನಷ್ಟು ಹೆಚ್ಚೇ ಇರುತ್ತದೆ. ಬೆಲೆಯನ್ನು ನಿರ್ಧರಿಸುವುದು ಎಷ್ಟು ಕೋಟಿ ತಯಾರಾಗುತ್ತದೆ ಎಂಬುದು. 9 ಎಂಎಂ 1902ರಿಂದ ಇದೆ, ನೇಟೋ ದೇಶಗಳ ಸೇನೆಗಳೂ ಅಮೆರಿಕದ ಬಹುಪಾಲು ಪೊಲೀಸರೂ ಅದನ್ನೇ ಬಳಸುತ್ತಾರೆ, ಹಾಗಾಗಿ ಕಾರ್ಖಾನೆಯ ಯಂತ್ರ ಅದಕ್ಕಾಗಿ ನಿಲ್ಲದೆ ಓಡುತ್ತದೆ. .380 ಸರದಿಯಲ್ಲಿ ಕಾಯುತ್ತದೆ. ಜೇಬಿನಲ್ಲಿ ಹಿಡಿಸುವ ಪುಟ್ಟ .380 ಪಿಸ್ತೂಲನ್ನು ಅಗ್ಗಕ್ಕೆ ಕೊಂಡವರು ಅಭ್ಯಾಸವನ್ನೇ ಬಿಟ್ಟದ್ದು ಕಂಡಿದ್ದೇನೆ. ಅದು ಕೈಯನ್ನು ಒದೆಯುತ್ತದೆ, ಜೇಬನ್ನೂ ಕಚ್ಚುತ್ತದೆ.

ಬೆಲೆಯಷ್ಟೇ ಮುಖ್ಯವಾದದ್ದು ಸಿಗುವಿಕೆ. ಈ ದೇಶದಲ್ಲಿ ತೋಟಾ ಬರ ಬಂದುಹೋಗುತ್ತದೆ. 2012ರ ಡಿಸೆಂಬರ್‌ನ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ನಂತರ, ಹೊಸ ಕಾನೂನು ಬಂದೀತೆಂದು ಜನ ಮುಗಿಬಿದ್ದಾಗ, .22 ತೋಟಾ ಸಹ ಅಂಗಡಿಗಳಿಂದ ಮಾಯವಾಯಿತು. 2020ರಲ್ಲಿ ಕೊರೊನಾ, ಬೀದಿ ಗಲಭೆ, ಚುನಾವಣೆ ಮೂರೂ ಒಟ್ಟಿಗೆ ಬಂದವು. ತೋಟಾ ತಯಾರಿಸುವ ರೆಮಿಂಗ್ಟನ್ ಕಂಪನಿ ಅದೇ ವರ್ಷ ದಿವಾಳಿ ಅರ್ಜಿ ಹಾಕಿತು. ಇಪ್ಪತ್ತು ಸೆಂಟ್‌ನೊಳಗೆ ಸಿಗುತ್ತಿದ್ದ 9 ಎಂಎಂ ಡಾಲರ್ ಮುಟ್ಟಿದ ವಾರಗಳೂ ಇದ್ದವು. 2021ರ ಸೆಪ್ಟೆಂಬರ್‌ನಲ್ಲಿ ರಷ್ಯಾದ ತೋಟಾ ಆಮದಿಗೆ ಹೊಸ ಪರವಾನಗಿ ನಿಂತು, ತುಲಾ, ವುಲ್ಫ್ ಹೆಸರಿನ ಅಗ್ಗದ ಡಬ್ಬಿಗಳ ಕಾಲವೂ ಮುಗಿಯತೊಡಗಿತು.

ಆ ಬರದಲ್ಲಿ ನಾನು ಗಮನಿಸಿದ್ದು ಇಷ್ಟು. ಎಲ್ಲರೂ ಬಳಸುವ ತೋಟಾ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ. .40 ಡಬ್ಬಿಗಳು ಮೂಲೆಯಲ್ಲಿ ಇನ್ನೂ ಕೆಲವು ದಿನ ಉಳಿದಿದ್ದವು, ಅದನ್ನು ಕಂಡು .40 ಪಿಸ್ತೂಲು ಕೊಂಡವರೂ ಇದ್ದರು. ಆದರೆ ಕಾರ್ಖಾನೆಗಳು ಚೇತರಿಸಿಕೊಂಡಾಗ ಮೊದಲು ತಯಾರಿಸಿದ್ದು 9 ಎಂಎಂ. .38 ಸ್ಪೆಷಲ್ ಮತ್ತು .380 ಬಳಸುವವರು ಬಹಳ ಕಾಲ ಕೈಕಟ್ಟಿ ಕುಳಿತರು. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಬರದ ನಂತರ ಯಾವುದು ಮೊದಲು ಮರಳಿ ಬರುತ್ತದೆ ಎಂಬುದು.

ಇದನ್ನು ನೀವೇ ಪರೀಕ್ಷಿಸಬಹುದು. ವಾರದ ನಡುವಿನ ಒಂದು ಸಾಮಾನ್ಯ ದಿನ ದೊಡ್ಡ ಅಂಗಡಿಯೊಂದಕ್ಕೆ ಹೋಗಿ ತೋಟಾ ಕಪಾಟಿನ ಮುಂದೆ ನಿಲ್ಲಿ. ನಿಮ್ಮ ಮನಸ್ಸಿನಲ್ಲಿರುವ ಕ್ಯಾಲಿಬರ್‌ನಲ್ಲಿ ಎಷ್ಟು ಬ್ರ್ಯಾಂಡ್ ಇವೆ, ಐವತ್ತರ ಡಬ್ಬಿ ಇದೆಯೋ ಬರೀ ಇಪ್ಪತ್ತರದೋ ನೋಡಿ. ನಾಲ್ಕು ಬ್ರ್ಯಾಂಡ್‌ಗಿಂತ ಕಡಿಮೆ ಇದ್ದರೆ ನನ್ನ ಮಟ್ಟಿಗೆ ಆ ಪಿಸ್ತೂಲು ಬೇಡ. ಗ್ಲಾಕ್ ಕಂಪನಿ 2003ರಲ್ಲಿ ತನ್ನದೇ ಹೆಸರಿನ .45 ಗ್ಯಾಪ್ ತೋಟಾ ತಂದಿತು. ನ್ಯೂಯಾರ್ಕ್ ರಾಜ್ಯದ ಪೊಲೀಸರು ಸಹ ಅದನ್ನು ಬಳಸಿ ಬಿಟ್ಟರು. ಇಂದು ಅದರ ಡಬ್ಬಿ ಕಣ್ಣಿಗೆ ಬೀಳುವುದೇ ಅಪರೂಪ. 2022ರಲ್ಲಿ ಫೆಡರಲ್ ಕಂಪನಿಯ 30 ಸೂಪರ್ ಕ್ಯಾರಿ ಬಂತು. ಕಾಗದದ ಮೇಲೆ ಒಳ್ಳೆಯ ತೋಟಾ, ಆದರೆ ಅದಕ್ಕೆ ಪಿಸ್ತೂಲು ಮಾಡಿದವರು ಬೆರಳೆಣಿಕೆಯಷ್ಟು. ಹೊಸ ಕ್ಯಾಲಿಬರ್‌ನ ಭವಿಷ್ಯಕ್ಕೆ ನಿಮ್ಮ ದುಡ್ಡು ಹೂಡಬೇಡಿ.

.40ರ ಪ್ರಲೋಭನೆ ಬೇರೆ ಬಗೆಯದು. 1986ರ ಮಯಾಮಿ ಗುಂಡಿನ ಕಾಳಗದ ನಂತರ ಎಫ್‌ಬಿಐ ಹೆಚ್ಚು ಬಲದ ತೋಟಾ ಹುಡುಕಿತು, ಆ ಹುಡುಕಾಟದ ಬೆನ್ನಲ್ಲೇ 1990ರಲ್ಲಿ .40 ಬಂತು, ದೇಶದ ಪೊಲೀಸರೆಲ್ಲ ಅದರ ಹಿಂದೆ ಹೋದರು. ಮುಂದೆ ಎಫ್‌ಬಿಐ 9 ಎಂಎಂಗೆ ಮರಳಿದಾಗ ಅವರೂ ಮರಳಿದರು. ಹಾಗೆ ಬಿಟ್ಟುಕೊಟ್ಟ, ಗ್ಲಾಕ್ 22 ಎಂಬ ಮಾದರಿಯ .40 ಪಿಸ್ತೂಲುಗಳು ಸುಮಾರು 300 ಡಾಲರ್‌ಗೆ ಸಿಗುತ್ತವೆ. ಹೊರಗೆ ತರಚಿರುತ್ತವೆ, ಒಳಗೆ ಗಟ್ಟಿಯಾಗಿರುತ್ತವೆ. ಹೊಸ 9 ಎಂಎಂಗೆ ಹೋಲಿಸಿದರೆ 200 ಡಾಲರ್ ಉಳಿತಾಯ. ಆದರೆ ಒಂದು ತೋಟಾಕ್ಕೆ ಹತ್ತು ಹನ್ನೊಂದು ಸೆಂಟ್ ಹೆಚ್ಚು ಎಂದರೆ ನಮ್ಮ 2,400ರ ಲೆಕ್ಕದಲ್ಲಿ ಒಂಬತ್ತು ಹತ್ತು ತಿಂಗಳಲ್ಲಿ ಆ ಉಳಿತಾಯ ಕರಗಿಹೋಗುತ್ತದೆ. ವರ್ಷಕ್ಕೆ ಇನ್ನೂರು ತೋಟಾ ಮಾತ್ರ ಸುಡುವವರಿಗೆ ಇದು ಲಾಭದ ವ್ಯವಹಾರ, ಉಳಿದವರಿಗಲ್ಲ.

ರಿವಾಲ್ವರ್ ಬೇಕೆಂದರೆ .357 ಮ್ಯಾಗ್ನಂ ನೋಡಿ. ಅದರಲ್ಲಿ .38 ಸ್ಪೆಷಲ್ ಸಹ ಹಾರಿಸಬಹುದು. ಒಂದು ಸಿಗದಿದ್ದಾಗ ಇನ್ನೊಂದು ಕೈಹಿಡಿಯುತ್ತದೆ. .38 ರಿವಾಲ್ವರಿನಲ್ಲಿ .357 ತೋಟಾ ಮಾತ್ರ ಎಂದೂ ಹಾಕಬಾರದು. .38 ಉದ್ದದಲ್ಲಿ ಗಿಡ್ಡ, ಹೆಚ್ಚು ಸುಟ್ಟರೆ ಗೂಡಿನೊಳಗೆ ಮಸಿಯ ಉಂಗುರ ಕಟ್ಟುತ್ತದೆ, ಆಮೇಲೆ .357 ತೋಟಾ ಪೂರ್ತಿ ಒಳಗೆ ಕೂರುವುದಿಲ್ಲ. ಬ್ರಷ್ ಹಾಕಿ ಉಜ್ಜಿದರೆ ಸರಿ. ಆದರೆ ಇವೆರಡೂ 9 ಎಂಎಂಗಿಂತ ದುಬಾರಿ ಎಂಬುದನ್ನು ಬಿಟ್ಟು ಲೆಕ್ಕ ಹಾಕಬೇಡಿ.

ನಾನು ಎಲ್ಲರಿಗೂ ಒತ್ತಿ ಹೇಳುವುದು .22 ಬಗ್ಗೆ. ಒಂದಕ್ಕೆ ಎಂಟು ಸೆಂಟ್. ಅಭ್ಯಾಸದ ಅರ್ಧ ಭಾಗವನ್ನು, ಅಂದರೆ 1,200 ತೋಟಾ, .22ಗೆ ಬದಲಿಸಿದರೆ ವರ್ಷಕ್ಕೆ 204 ಡಾಲರ್ ಉಳಿಯುತ್ತದೆ. ಟಾರಸ್ ಟಿಎಕ್ಸ್ 22ನಂತಹ ಪಿಸ್ತೂಲು 280 ಡಾಲರ್‌ಗೆ ಸಿಕ್ಕರೆ ಒಂದೂವರೆ ವರ್ಷದೊಳಗೆ ತನ್ನ ಖರ್ಚು ತಾನೇ ತೀರಿಸುತ್ತದೆ. ಗುರಿ ಹಿಡಿಯುವುದು, ಟ್ರಿಗರ್ ಅನ್ನು ಮೆಲ್ಲಗೆ ಒತ್ತುವುದು, ಎಲ್ಲವನ್ನೂ ಇದರಲ್ಲೇ ಕಲಿಯಬಹುದು. ಒದೆತ ತಾಳುವುದನ್ನು ಮಾತ್ರ ಕಲಿಯಲಾಗದು. ಆಗಾಗ ಒಂದು ತೋಟಾ ಸಿಡಿಯದೆ ಠುಸ್ ಎನ್ನುತ್ತದೆ. ಆಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡ್ ಕಾದು, ಆಮೇಲೆ ತೆಗೆಯಿರಿ.

ಡಬ್ಬಿಯ ಮೇಲಿನ ಬರಹವನ್ನು ಓದದೆ ದುಡ್ಡು ಕೊಡಬೇಡಿ. 9 ಎಂಎಂ ಅಭ್ಯಾಸಕ್ಕೆ "115 ಗ್ರೇನ್, ಎಫ್‌ಎಂಜೆ, ಬ್ರಾಸ್" ಎಂದಿದ್ದರೆ ಸಾಕು: ಮೊದಲನೆಯದು ಗುಂಡಿನ ತೂಕ, ಎರಡನೆಯದು ಸೀಸದ ಗುಂಡಿಗೆ ಲೋಹದ ಹೊದಿಕೆ, ಮೂರನೆಯದು ಮದ್ದು ತುಂಬುವ ಕೇಸ್ ಹಿತ್ತಾಳೆಯದು ಎಂದು. ಕಡಿಮೆ ಬೆಲೆಯ ಉಕ್ಕಿನ ಕೇಸ್ ತೋಟಾಗಳನ್ನು ಒಳಾಂಗಣ ರೇಂಜ್‌ಗಳು ಹಲವೆಡೆ ಒಪ್ಪುವುದಿಲ್ಲ. ನಾನು ಹೋಗುವ ರೇಂಜಿನ ಕೌಂಟರಿನವನ ಬಳಿ ದಾರ ಕಟ್ಟಿದ ಒಂದು ಅಯಸ್ಕಾಂತವಿದೆ. ಡಬ್ಬಿ ತೆರೆದು ಅದನ್ನು ಗುಂಡಿನ ತುದಿಗಳ ಮೇಲೆ ಇಳಿಬಿಡುತ್ತಾನೆ. ಟಕ್ಕೆಂದು ಅಂಟಿಕೊಂಡರೆ ಆ ಡಬ್ಬಿ ಕಾರಿಗೆ ವಾಪಸು, ನೀವು ಅವರ ಅಂಗಡಿಯ ಬೆಲೆಗೆ ಬೇರೆ ಕೊಳ್ಳಬೇಕು. ಕೇಸ್ ಹಿತ್ತಾಳೆಯದೇ ಇದ್ದರೂ ಗುಂಡಿನ ಹೊದಿಕೆಯಲ್ಲಿ ಉಕ್ಕಿದ್ದರೆ ಅಂಟುತ್ತದೆ. ಅಗ್ಗವೆಂದು ಸಾವಿರ ತರಿಸುವ ಮೊದಲು ನಿಮ್ಮ ರೇಂಜಿನ ನಿಯಮ ಕೇಳಿ.

ಮನೆಯ ರಕ್ಷಣೆಗೆ ಇಡುವ ಹಾಲೋ ಪಾಯಿಂಟ್, ಅಂದರೆ ತುದಿ ಟೊಳ್ಳಾದ ಗುಂಡಿನ ತೋಟಾ, ಬೇರೆ ಖರ್ಚು; ಒಂದಕ್ಕೆ ಡಾಲರ್ ಆಸುಪಾಸು. ಅದು ನಿಮ್ಮ ಪಿಸ್ತೂಲಿನಲ್ಲಿ ಸಿಕ್ಕಿಕೊಳ್ಳದೆ ಓಡುತ್ತದೆಯೇ ಎಂದು ತಿಳಿಯಲು ನೂರಾದರೂ ಹಾರಿಸಿ ನೋಡಬೇಕು. ಆ ನೂರು ಡಾಲರ್ ಅನ್ನು ಪಿಸ್ತೂಲಿನ ಬೆಲೆಗೇ ಸೇರಿಸಿಬಿಡಿ. ಫೆಡರಲ್ ಎಚ್‌ಎಸ್‌ಟಿ, ಸ್ಪೀರ್ ಗೋಲ್ಡ್ ಡಾಟ್‌ನಂತಹವು ಐವತ್ತರ ಡಬ್ಬಿಯಲ್ಲಿ ಸಿಕ್ಕಾಗ ಇಪ್ಪತ್ತರದ್ದಕ್ಕಿಂತ ಸಾಕಷ್ಟು ಅಗ್ಗ.

ಊರಿನಿಂದಲೂ ಕೆಲವರು ಕೇಳುತ್ತಾರೆ. ಅಲ್ಲಿ ಲೆಕ್ಕವೇ ತಲೆಕೆಳಗು: 9 ಎಂಎಂ ನಿಷೇಧಿತ ಬೋರ್, ಸಾಮಾನ್ಯರಿಗೆ ಸಿಗದು. ಕೈಬಂದೂಕಿನ ಲೈಸೆನ್ಸ್ ಸಿಕ್ಕರೂ ಆಯ್ಕೆ ಬಹುಮಟ್ಟಿಗೆ .32 ರಿವಾಲ್ವರ್, .32 ಪಿಸ್ತೂಲು, .22ಗಳ ನಡುವೆ. ರಿವಾಲ್ವರಿನ .32 ಬೇರೆ, ಪಿಸ್ತೂಲಿನ .32 ಬೇರೆ, ಹೆಸರು ನೋಡಿ ಮೋಸ ಹೋಗಬೇಡಿ. ಎಷ್ಟು ತೋಟಾ ಕೊಳ್ಳಬಹುದು ಎಂಬ ಮಿತಿ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಸಕಲೇಶಪುರದ ನನ್ನ ಚಿಕ್ಕಪ್ಪನ ಮಗ ಹಳೆಯ .25 ವಿದೇಶಿ ಪಿಸ್ತೂಲೊಂದನ್ನು ಕೊಳ್ಳುವ ಹುರುಪಿನಲ್ಲಿದ್ದ. ಮೊದಲು ಅಂಗಡಿಗೆ ಹೋಗಿ ತೋಟಾ ಕೇಳಿ ಬಾ ಎಂದೆ. ಕೇಳಿ ಬಂದವನು ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ತೆಗೆದುಕೊಂಡ.

ಇಲ್ಲಿಯ ರಾಜ್ಯಗಳೂ ಒಂದೇ ಬಗೆಯವಲ್ಲ. ಇಲಿನಾಯ್‌ನಲ್ಲಿ ತೋಟಾ ಕೊಳ್ಳಲು ರಾಜ್ಯದ ಗುರುತುಚೀಟಿ ಬೇಕು, ನ್ಯೂಯಾರ್ಕ್‌ನಲ್ಲಿ 2023ರಿಂದ ಹಿನ್ನೆಲೆ ಪರಿಶೀಲನೆ ಇದೆ, ಕ್ಯಾಲಿಫೋರ್ನಿಯಾ 2024ರ ಜುಲೈಯಿಂದ ಶೇ. 11 ಹೆಚ್ಚುವರಿ ತೆರಿಗೆ ಹಾಕಿದೆ. ಟೆಕ್ಸಸ್‌ನಲ್ಲಿ ನೇರ ಮನೆಗೇ ತರಿಸಬಹುದು. ಆದರೆ ಪರದೆಯ ಮೇಲೆ ಕಾಣುವ ಬೆಲೆ ನಿಜವಾದ ಬೆಲೆಯಲ್ಲ. 23 ಸೆಂಟ್‌ನ ಸಾವಿರ ತೋಟಾಕ್ಕೆ 20 ಡಾಲರ್ ಸಾಗಣೆ, ಮೇಲೆ ಶೇ. 8.25 ತೆರಿಗೆ ಸೇರಿದರೆ ಒಂದಕ್ಕೆ 27 ಸೆಂಟ್. ಅದೇ ಇನ್ನೂರು ಮಾತ್ರ ತರಿಸಿ 15 ಡಾಲರ್ ಸಾಗಣೆ ಕೊಟ್ಟರೆ 33 ಸೆಂಟ್ ಆಗುತ್ತದೆ. ಅದಕ್ಕಿಂತ ಪಕ್ಕದ ಬೀದಿಯ ಅಂಗಡಿಯೇ ಮೇಲು. ಸಾವಿರ ತರಿಸಿದರೆ ಡಬ್ಬಿಯ ಮೇಲೆ ತಿಂಗಳು ಬರೆದು, ಗ್ಯಾರೇಜಿನ ಬೇಗೆಯಲ್ಲಿ ಬಿಡದೆ, ಮನೆಯೊಳಗೆ ಮಕ್ಕಳ ಕೈಗೆ ಎಟುಕದಂತೆ ಬೀಗ ಹಾಕಿಡಿ, ಹಳೆಯದನ್ನು ಮೊದಲು ಸುಡಿ.