ಮನೆಯ ಕಾರ್ಯಾಗಾರಕ್ಕೆ ಸಣ್ಣ ಮಿಲ್ಲಿಂಗ್ ಯಂತ್ರ: ಎತ್ತರ ಅಳೆದು ಆರಿಸಿದ ನನ್ನ ಅನುಭವ

ಸಣ್ಣ ಉಗಿ ಎಂಜಿನ್‌ಗಳ ಮಾದರಿಗಳನ್ನು ಮಾಡುವುದು ನನ್ನ ಹವ್ಯಾಸ. ಅದಕ್ಕೆ ಬೇಕಾದ ಮಿಲ್ಲಿಂಗ್ ಕೆಲಸವನ್ನು, ಅಂದರೆ ತಿರುಗುವ ಕಟರ್‌ನಿಂದ ಲೋಹ ಕೆತ್ತುವುದನ್ನು, ನಾನು ಕೆಲವು ವರ್ಷ ಲೇತ್‌ನಲ್ಲಿಯೇ, ಕ್ರಾಸ್ ಸ್ಲೈಡ್ (ಅಡ್ಡಕ್ಕೆ ಸರಿಯುವ ಭಾಗ) ಮೇಲೆ ಲಂಬ ಸ್ಲೈಡ್ ಬಿಗಿದು, ಸ್ಪಿಂಡಲ್‌ನಲ್ಲಿ (ತಿರುಗುವ ದಂಡದಲ್ಲಿ) ಎಂಡ್ ಮಿಲ್ ಎಂಬ ಕಟರ್ ಹಿಡಿದು ಸಾಗಿಸಿದೆ. ಶಾಫ್ಟ್‌ನಲ್ಲಿ ಕೀಲಿ ಕೂರುವ ತೋಡು ಕೊರೆಯುವಂತಹ ಕೆಲಸ ಹೀಗೆ ಚೆನ್ನಾಗಿಯೇ ಆಗುತ್ತದೆ. ಆದರೆ ಬೀಡು ಕಬ್ಬಿಣದ ಸಿಲಿಂಡರ್‌ನ ಚಪ್ಪಟೆ ಮುಖವನ್ನು ಹಸನು ಮಾಡಲು ಹೋದಾಗ, ಒಂದರ ಮೇಲೊಂದು ಕುಳಿತ ಇಷ್ಟೊಂದು ಸ್ಲೈಡ್‌ಗಳ ಸಡಿಲವೆಲ್ಲ ಒಟ್ಟುಗೂಡಿ ಕಟರ್ ಅದುರತೊಡಗುತ್ತಿತ್ತು. ಮುಖದ ಮೇಲೆ ಅಲೆಅಲೆಯಾದ ಗುರುತುಗಳು ಉಳಿಯುತ್ತಿದ್ದವು. ಪ್ರತ್ಯೇಕ ಯಂತ್ರವೊಂದು ಬೇಕೆಂದು ತೀರ್ಮಾನಿಸಿದ್ದು ಆಗಲೇ.

ಹುಡುಕಲು ಕುಳಿತಾಗ ಎಲ್ಲರಂತೆ ನಾನೂ ಮೊದಲು ನೋಡಿದ್ದು ಮೋಟಾರಿನ ವಾಟ್ ಮತ್ತು ಟೇಬಲ್‌ನ ಉದ್ದ. ಈ ಎರಡೂ ಅಳತೆಗಳು ನನ್ನ ಕೆಲಸಕ್ಕೆ ಮುಖ್ಯವಲ್ಲವೆಂದು ತಿಳಿದದ್ದು ಗೆಳೆಯರೊಬ್ಬರ ಪುಟ್ಟ ಮಿಲ್ಲಿಂಗ್ ಯಂತ್ರದಲ್ಲಿ ಒಂದು ಭಾನುವಾರ ಪೂರ್ತಿ ಕೆಲಸ ಮಾಡಿದ ಮೇಲೆ. ಸಿಲಿಂಡರ್‌ನ ತುದಿಯಲ್ಲಿ, 24 ಮಿ.ಮೀ. ವ್ಯಾಸದ ವೃತ್ತದ ಮೇಲೆ ಆರು ತೂತುಗಳನ್ನು ಕೊರೆದು, ಟ್ಯಾಪ್‌ನಿಂದ ಸ್ಕ್ರೂ ಕೂರುವ ಎಳೆ ಹಾಕಬೇಕಿತ್ತು; ನಡುವೆ ಉಗಿಯ ದಾರಿಗಾಗಿ 10 ಮಿ.ಮೀ.ನ ಒಂದು ತೂತು. ಸೆಂಟರ್ ಡ್ರಿಲ್‌ನಿಂದ ಗುರುತು ಮಾಡುವವರೆಗೆ ಎಲ್ಲವೂ ಸರಿಯಾಗಿತ್ತು. ಉದ್ದದ ಡ್ರಿಲ್ ಹಾಕಲು ಹೋದಾಗ ಯಂತ್ರದ ತಲೆ (ಸ್ಪಿಂಡಲ್ ಇರುವ ಭಾಗ) ಕಾಲಮ್‌ನ, ಅಂದರೆ ಕಂಬದ, ತುದಿಗೆ ಮುಟ್ಟಿ ನಿಂತಿತು, ಡ್ರಿಲ್ ಮಾತ್ರ ಸಿಲಿಂಡರ್‌ನ ಮೇಲೆ ಬರಲೇ ಇಲ್ಲ. ಲೆಕ್ಕ ಸರಳವಾಗಿತ್ತು: ವಸ್ತುವನ್ನು ಕಚ್ಚಿ ಹಿಡಿಯುವ ವೈಸ್‌ನ ಎತ್ತರ 80 ಮಿ.ಮೀ., ಅದರ ದವಡೆಗಳ ಮೇಲೆ ಕಾಣುವ ಸಿಲಿಂಡರ್ 40, ಆರ್ಬರ್ (ಸ್ಪಿಂಡಲ್‌ಗೆ ಕೂರುವ ದಂಡ) ಸೇರಿಸಿ ಡ್ರಿಲ್ ಚಕ್ 90, ಚಕ್‌ನಿಂದ ಹೊರಬಂದ ಡ್ರಿಲ್ 95, ಒಟ್ಟು 305. ಸ್ಪಿಂಡಲ್‌ನ ಮೂತಿಯಿಂದ ಟೇಬಲ್‌ವರೆಗೆ ಆ ಯಂತ್ರ ಕೊಡುತ್ತಿದ್ದದ್ದು 280. ಕೊನೆಗೆ ವೈಸ್ ಬಿಚ್ಚಿ, ಸಿಲಿಂಡರನ್ನು ಟೇಬಲ್‌ಗೇ ಬಿಗಿದು ಕೊರೆದೆ. ಅಷ್ಟರಲ್ಲಿ ಮೊದಲು ಹಿಡಿದಿದ್ದ ಕೇಂದ್ರ ಕೈತಪ್ಪಿತ್ತು, ಆರರಲ್ಲಿ ಎರಡು ತೂತುಗಳು ಮುಚ್ಚಳದ ತೂತುಗಳಿಗೆ ಕೂಡಲಿಲ್ಲ.

ಅಂದಿನಿಂದ ನಾನು ಯಂತ್ರಗಳ ವಿವರ ಓದುವ ಕ್ರಮವನ್ನೇ ಬದಲಿಸಿದೆ. ದೊಡ್ಡ ಗ್ರಾಫ್ ಹಾಳೆಯ ಮೇಲೆ ನಾನು ಮಾಡುವ ಅತಿ ಎತ್ತರದ ಕೆಲಸವನ್ನು ವೈಸ್, ಚಕ್, ಡ್ರಿಲ್ ಸಮೇತ ನಿಜ ಅಳತೆಯಲ್ಲಿ ಬರೆದೆ. ಡ್ರಿಲ್ ಬದಲಿಸಲು ಬೇಕಾದ ಜಾಗವನ್ನೂ, ಮುಂದೆಂದಾದರೂ ವೈಸ್‌ನ ಜಾಗದಲ್ಲಿ ರೋಟರಿ ಟೇಬಲ್ (ವಸ್ತುವನ್ನು ತಿರುಗಿಸುವ ದುಂಡು ಮೇಜು) ಕೂರಿಸಬೇಕಾದೀತು ಎಂಬುದನ್ನೂ ಸೇರಿಸಿದಾಗ ಕನಿಷ್ಠ 350 ಮಿ.ಮೀ. ಬೇಕೆಂದಾಯಿತು. ಅಡ್ಡ ಅಳತೆಗಳನ್ನೂ ಹಾಗೆಯೇ ನೋಡಿದೆ. ಟೇಬಲ್‌ನ ಉದ್ದ ಬೇರೆ, ಟೇಬಲ್ ಸರಿಯುವ ದೂರ ಬೇರೆ, 200 ಮಿ.ಮೀ. ಉದ್ದದ ತಟ್ಟೆಯ ಮುಖವನ್ನು 60 ಮಿ.ಮೀ. ಫ್ಲೈ ಕಟರ್‌ನಿಂದ (ದೊಡ್ಡ ವೃತ್ತದಲ್ಲಿ ತಿರುಗುವ ಒಂಟಿ ಹಲ್ಲಿನ ಕಟರ್) ಪೂರ್ತಿ ಹಾಯಿಸಬೇಕಾದರೆ ಟೇಬಲ್ 260 ಮಿ.ಮೀ. ಸರಿಯಬೇಕು. ವಿವರಪಟ್ಟಿಗಳಲ್ಲಿ ದೊಡ್ಡದಾಗಿ ಅಚ್ಚಾಗುವುದು ಸಾಮಾನ್ಯವಾಗಿ ಟೇಬಲ್‌ನ ಉದ್ದ.

ಎತ್ತರವೊಂದನ್ನೇ ನೋಡಿದರೆ ದುಂಡು ಕಾಲಮ್‌ನ ಮಿಲ್-ಡ್ರಿಲ್ ಯಂತ್ರ ತಕ್ಕುದೆನಿಸುತ್ತದೆ. ಅದು ಭಾರವಾಗಿದೆ, ಗಟ್ಟಿಯಾಗಿದೆ, ಎತ್ತರವೂ ಧಾರಾಳ. ಆದರೆ ತಲೆಯನ್ನು ಮೇಲಕ್ಕೋ ಕೆಳಕ್ಕೋ ಸರಿಸಲು ಬಿಗಿ ಸಡಿಲಿಸಿದೊಡನೆ ಅದು ಕಾಲಮ್‌ನ ಸುತ್ತ ತಿರುಗಿಬಿಡುತ್ತದೆ, ಹಿಡಿದಿದ್ದ ಕೇಂದ್ರ ತಪ್ಪುತ್ತದೆ. ನನ್ನ ತೊಂದರೆ ಆರಂಭವಾದದ್ದೇ ಕೇಂದ್ರ ತಪ್ಪಿದ್ದರಿಂದ. ತಲೆಗೆ ಲೇಸರ್ ದೀಪ ಕಟ್ಟಿ, ದೂರದ ಗೋಡೆಯ ಗೆರೆಗೆ ಅದರ ಬೆಳಕನ್ನು ಮತ್ತೆ ಹೊಂದಿಸಿಕೊಳ್ಳುವವರಿದ್ದಾರೆ. ಆ ಉಪಾಯ ಕೆಲಸ ಮಾಡುತ್ತದೆ, ಆದರೂ ಪ್ರತಿ ಡ್ರಿಲ್‌ಗೂ ಅದನ್ನು ಮಾಡುವ ತಾಳ್ಮೆ ನನಗಿಲ್ಲ. ಹಾಗಾಗಿ ತಲೆ ಡವ್‌ಟೇಲ್ (ಓರೆ ಅಂಚಿನ ಜಾರುಹಳಿ) ಮೇಲೆ ನೇರವಾಗಿ ಏರಿಳಿಯುವ ಚೌಕ ಕಾಲಮ್‌ನ ಯಂತ್ರಗಳು ಮಾತ್ರ ಉಳಿದವು.

ಅವುಗಳಲ್ಲೂ ಎರಡು ಬಗೆ. ಚಿಕ್ಕ ಯಂತ್ರಗಳಲ್ಲಿ ಹಲವು ಕಾಲಮ್ ಎಡಕ್ಕೂ ಬಲಕ್ಕೂ ವಾಲುವಂತೆ, ತಳದಲ್ಲಿ ಒಂದೇ ದೊಡ್ಡ ನಟ್‌ನಿಂದ ಬಿಗಿದವು. ಓರೆ ತೂತು ಕೊರೆಯಲು ಇದು ಅನುಕೂಲವೆನ್ನುತ್ತಾರೆ, ಆದರೆ ಓರೆ ಕೆಲಸವಿದ್ದಾಗ ವಸ್ತುವನ್ನೇ ವೈಸ್‌ನಲ್ಲಿ ಓರೆಯಾಗಿ ಹಿಡಿಯುವುದು ಬಹಳ ಸುಲಭ. ನಾನು ಒಂದು ಪರೀಕ್ಷೆ ಮಾಡಿದೆ: ಡಯಲ್ ಗೇಜನ್ನು (ಸೂಕ್ಷ್ಮ ಚಲನೆಯನ್ನು ಮುಳ್ಳಿನಿಂದ ತೋರಿಸುವ ಅಳತೆಯ ಉಪಕರಣ) ಟೇಬಲ್ ಮೇಲೆ ನಿಲ್ಲಿಸಿ, ಅದರ ಮೊನೆಯನ್ನು ಸ್ಪಿಂಡಲ್‌ಗೆ ತಾಗಿಸಿ, ತಲೆಯನ್ನು ಕೈಯಿಂದ ಬಲವಾಗಿ ಎಳೆದೆ. ಗೆಳೆಯರ ವಾಲುವ ಕಾಲಮ್‌ನ ಯಂತ್ರದಲ್ಲಿ ಮುಳ್ಳು 0.15 ಮಿ.ಮೀ. ಸರಿಯಿತು, ಮುಂದೆ ನಾನು ಕೊಂಡ, ನಾಲ್ಕು ಬೋಲ್ಟ್‌ಗಳಿಂದ ಕಾಲಮ್ ಬಿಗಿದ ಯಂತ್ರದಲ್ಲಿ 0.03 ಮಾತ್ರ. ಯಂತ್ರ ಕೊಳ್ಳಹೋಗುವವರು ಡಯಲ್ ಗೇಜ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು. ಮೋಟಾರಿನ ಶಕ್ತಿ ಎಷ್ಟಿದ್ದರೂ ತಲೆ ಬಾಗಿದರೆ ಅದು ಕಟರ್‌ಗೆ ತಲುಪುವುದಿಲ್ಲ.

ಸ್ಪಿಂಡಲ್‌ನ ಟೇಪರ್ (ಉಪಕರಣ ಕೂರುವ ಶಂಕುವಿನಾಕಾರದ ತೂತು) ಬಗ್ಗೆ ನಾನು ಬಹಳ ದಿನ ಯೋಚಿಸಿದೆ. ಈ ಗಾತ್ರದಲ್ಲಿ ಸಾಮಾನ್ಯವಾಗಿ ಸಿಗುವುದು ಮೋರ್ಸ್ ಟೇಪರ್ 3 ಅಥವಾ ಆರ್-8 ಎಂಬ ಅಳತೆಗಳು. ಮೋರ್ಸ್ ತನ್ನಷ್ಟಕ್ಕೆ ಕಚ್ಚಿಕೊಳ್ಳುವ ಟೇಪರ್. ಪ್ರತಿ ಬಾರಿ ಕೋಲೆಟ್ (ಕಟರನ್ನು ಸುತ್ತ ಬಿಗಿಹಿಡಿಯುವ ಸೀಳು ಕೊಳವೆ) ಬಿಡಿಸಲು, ಅದನ್ನು ಮೇಲಿನಿಂದ ಎಳೆದು ಹಿಡಿಯುವ ಡ್ರಾಬಾರ್‌ನ ತಲೆಗೆ ಸುತ್ತಿಗೆಯಿಂದ ಹೊಡೆಯಬೇಕು, ಆ ಏಟು ಸ್ಪಿಂಡಲ್‌ನ ಬೇರಿಂಗ್‌ಗಳ ಮೇಲೆ ಬೀಳುತ್ತದೆ. ಆರ್-8ರ ಓರೆ ಹೆಚ್ಚು, ಸಣ್ಣದೊಂದು ತಟ್ಟು ಸಾಕು. ಬ್ರಿಡ್ಜ್‌ಪೋರ್ಟ್ ಯಂತ್ರಗಳಿಂದ ಬಳಕೆಗೆ ಬಂದ ಅಳತೆಯಾದ್ದರಿಂದ ಅದಕ್ಕೆ ಕೋಲೆಟ್‌ಗಳೂ ಆರ್ಬರ್‌ಗಳೂ ಯಥೇಚ್ಛವಾಗಿ ಸಿಗುತ್ತವೆ. ಇನ್ನೊಂದು ಲಾಭ ನನ್ನ ಗ್ರಾಫ್ ಹಾಳೆಯಲ್ಲಿಯೇ ಕಂಡಿತು. ಇಆರ್-32 ಎಂಬ ಬಗೆಯ ಕೋಲೆಟ್ ಚಕ್ ಸ್ಪಿಂಡಲ್‌ನಿಂದ ಕೆಳಕ್ಕೆ ಇಳಿದು ಎತ್ತರವನ್ನು ತಿನ್ನುತ್ತದೆ, ಆರ್-8 ಕೋಲೆಟ್ ಸ್ಪಿಂಡಲ್‌ನ ಒಳಗೇ ಕೂರುತ್ತದೆ. ಹೊರಚಾಚಿದ ಉದ್ದ ಕಡಿಮೆಯಾದಷ್ಟೂ ಕಟರ್ ಬಾಗುವುದು ಕಡಿಮೆ. ಒಂದೇ ದಪ್ಪದ ಸರಳಿನ ಚಾಚು ಇಮ್ಮಡಿಯಾದರೆ ಅದೇ ಒತ್ತಡಕ್ಕೆ ಬಾಗು ಎಂಟು ಪಟ್ಟಾಗುತ್ತದೆ. ಎಂಡ್ ಮಿಲ್ಲನ್ನು ಡ್ರಿಲ್ ಚಕ್‌ನಲ್ಲಿ ಎಂದೂ ಹಿಡಿಯಬಾರದು, ಅದು ಪಕ್ಕದ ಒತ್ತಡವನ್ನು ತಾಳಲು ಮಾಡಿದ್ದಲ್ಲ. ಚಕ್ ಆರ್ಬರ್‌ನಿಂದ ಕಳಚಿ ಬೀಳಬಹುದು.

ಮೋಟಾರಿನ ವಿಷಯದಲ್ಲಿ ನಾನು ನೋಡಿದ್ದು ಗರಿಷ್ಠ ವಾಟ್‌ಗಿಂತ ನಿಧಾನ ವೇಗದಲ್ಲಿನ ಬಲವನ್ನು. ಹೈಸ್ಪೀಡ್ ಸ್ಟೀಲ್ ಕಟರ್‌ನಿಂದ ಮೈಲ್ಡ್ ಸ್ಟೀಲ್ ಕತ್ತರಿಸುವಾಗ ನಿಮಿಷಕ್ಕೆ 25 ಮೀಟರ್ ವೇಗವೆಂದು ಹಿಡಿದರೆ, 10 ಮಿ.ಮೀ. ಕಟರ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗಬೇಕು, 60 ಮಿ.ಮೀ. ಫ್ಲೈ ಕಟರ್ ಸುಮಾರು 130 ಸುತ್ತು ಮಾತ್ರ. ವೇಗವನ್ನು ಕೇವಲ ಎಲೆಕ್ಟ್ರಾನಿಕ್ ನಿಯಂತ್ರಣದಿಂದ ತಗ್ಗಿಸುವ ಸಣ್ಣ ಡಿ.ಸಿ. ಮೋಟಾರು ಅಲ್ಲಿ ಸೋತು ನಿಲ್ಲುತ್ತದೆ. ಗೆಳೆಯರ ಯಂತ್ರದಲ್ಲಿ ಪ್ಲಾಸ್ಟಿಕ್ ಗೇರುಗಳಿದ್ದವು. ಫ್ಲೈ ಕಟರ್‌ನ ಹಲ್ಲು ಪ್ರತಿ ಸುತ್ತಿಗೂ ಕೊಡುವ ಏಟಿಗೆ ಒಂದು ಗೇರಿನ ಹಲ್ಲು ಮುರಿದದ್ದನ್ನು ನಾನೇ ಕಂಡಿದ್ದೇನೆ. ಎರಡು ಹಂತದ ಪುಲ್ಲಿ ಮತ್ತು ಬೆಲ್ಟ್ ಇರುವ ಬ್ರಷ್‌ಲೆಸ್ ಮೋಟಾರಿನ ಯಂತ್ರವನ್ನು ಆರಿಸಿದೆ. ಕಟರ್ ಸಿಕ್ಕಿಕೊಂಡರೆ ಬೆಲ್ಟ್ ಜಾರುತ್ತದೆ, ಸದ್ದೂ ಕಡಿಮೆ. ಮನೆಯವರು ಪಕ್ಕದ ಕೋಣೆಯಲ್ಲಿ ಮಲಗಿರುವಾಗ ಅದೂ ಗಣನೆಗೆ ಬರುತ್ತದೆ.

ಹೀಗೆ ಬಂದದ್ದು 110 ಕಿಲೋ ತೂಕದ ಯಂತ್ರ. ತಲೆ, ಕಾಲಮ್, ಟೇಬಲ್ ಬೇರೆಬೇರೆ ಮಾಡಿದಾಗ ಇಬ್ಬರು ಸೇರಿ ಒಳಗೆ ಸಾಗಿಸಲು ಆಯಿತು. ಬಿಚ್ಚಿದ್ದರಿಂದ ಡವ್‌ಟೇಲ್‌ಗಳಲ್ಲಿ ಉಳಿದಿದ್ದ ಮರಳಿನಂತಹ ಪುಡಿಯನ್ನು ತೊಳೆದು, ಗಿಬ್‌ಗಳನ್ನು (ಸ್ಲೈಡ್‌ನ ಸಡಿಲ ತೆಗೆಯುವ ಪಟ್ಟಿಗಳನ್ನು) ಸರಿಮಾಡಲೂ ಅವಕಾಶವಾಯಿತು. ಮತ್ತೆ ಜೋಡಿಸಿದ ಮೇಲೆ ಡಯಲ್ ಗೇಜನ್ನು ಸ್ಪಿಂಡಲ್‌ಗೆ ಕಟ್ಟಿ ಟೇಬಲ್ ಮೇಲೆ 150 ಮಿ.ಮೀ. ವೃತ್ತದಲ್ಲಿ ತಿರುಗಿಸಿ ನೋಡಿದರೆ ಎಡಕ್ಕೂ ಬಲಕ್ಕೂ 0.08 ಮಿ.ಮೀ. ವ್ಯತ್ಯಾಸವಿತ್ತು, ಕಾಲಮ್‌ನ ತಳದಲ್ಲಿ ತೆಳು ಹಿತ್ತಾಳೆ ತಗಡು ಕೊಟ್ಟು ಅದನ್ನು 0.02ಕ್ಕೆ ತಂದೆ, ಇದಕ್ಕೆ ಎರಡು ಸಂಜೆ ಹಿಡಿಯಿತು.

ಒಂದು ತಪ್ಪು ಮಾಡಿದೆ. ದೊಡ್ಡದಿದ್ದರೆ ಒಳ್ಳೆಯದೆಂದು 100 ಮಿ.ಮೀ. ದವಡೆಯ ಭಾರಿ ವೈಸ್ ಕೊಂಡೆ. ಅದು ಟೇಬಲ್‌ನ ಹಿಂಬದಿಗೆ ಚಾಚಿ ಕಾಲಮ್‌ಗೆ ತಾಗುತ್ತಿತ್ತು, ಒಳದಿಕ್ಕಿನ ಚಲನೆಯಲ್ಲಿ ಸುಮಾರು 30 ಮಿ.ಮೀ. ನಷ್ಟವಾಯಿತು. ಎತ್ತರ ಅಳೆದವನು ಒಳದಿಕ್ಕನ್ನೂ ಅದೇ ಹಾಳೆಯ ಮೇಲೆ ಬರೆಯಬೇಕಿತ್ತು. ಈಗ 80 ಮಿ.ಮೀ. ದವಡೆಯ ಸ್ಕ್ರೂರಹಿತ ಟೂಲ್‌ಮೇಕರ್ ವೈಸ್ ಬಳಸುತ್ತಿದ್ದೇನೆ. ಅದು ತಗ್ಗಾಗಿರುವುದರಿಂದ ಎತ್ತರದಲ್ಲೂ ಉಳಿತಾಯವಾಯಿತು.

ಹೊಸ ಯಂತ್ರದಲ್ಲಿ ಮೊದಲು ಮಾಡಿದ್ದು ಅದೇ ಸಿಲಿಂಡರ್‌ನ ಇನ್ನೊಂದು ಪ್ರತಿಯನ್ನು. ನಡುವಿನ ತೂತನ್ನು ಸೊನ್ನೆಯೆಂದು ಇಟ್ಟುಕೊಂಡು, ವೃತ್ತದ ಆರು ಬಿಂದುಗಳನ್ನು 12 ಮತ್ತು 0, 6 ಮತ್ತು 10.39 ಎಂಬ ಅಳತೆಗಳಿಂದ ಹಿಡಿದೆ. ಟೇಬಲನ್ನು ಸರಿಸುವ ಲೀಡ್ ಸ್ಕ್ರೂವಿನಲ್ಲಿ 0.2 ಮಿ.ಮೀ. ಬ್ಯಾಕ್‌ಲ್ಯಾಷ್ (ದಿಕ್ಕು ಬದಲಿಸಿದಾಗಿನ ಸಡಿಲ) ಇದ್ದದ್ದರಿಂದ ಪ್ರತಿ ಬಿಂದುವಿಗೂ ಒಂದೇ ದಿಕ್ಕಿನಿಂದ ಬಂದು ನಿಂತೆ. ಸೆಂಟರ್ ಡ್ರಿಲ್, ಡ್ರಿಲ್, ಟ್ಯಾಪ್ ಮೂರನ್ನೂ ಬದಲಿಸುವಾಗ ವೈಸನ್ನು ಮುಟ್ಟಲಿಲ್ಲ, ತಲೆ ಮಾತ್ರ ಏರಿ ಇಳಿಯಿತು. ಮುಚ್ಚಳವನ್ನು ಯಾವ ಕಡೆ ತಿರುಗಿಸಿ ಇಟ್ಟರೂ ಆರು ಸ್ಕ್ರೂಗಳೂ ಬೆರಳಿನಿಂದಲೇ ಇಳಿದವು.