ಮಾನವ ಹಕ್ಕುಗಳ ಆಯೋಗಕ್ಕೆ ದೂರು ಬರೆಯುವುದು ಹೇಗೆ?

ಹೋದ ವರ್ಷ ಒಂದು ಠಾಣೆಯಲ್ಲಿ ನಮ್ಮ ಪಕ್ಕದ ಮನೆ ಹುಡುಗನಿಗೆ ಹೊಡೆದರು. ಅವನ ತಾಯಿ ಪರವಾಗಿ ನಾನೇ ದೂರು ಬರೆದೆ. ಹಾಗೆ ಬೇರೆಯವರೂ ಬರೆಯಬಹುದು. ವಕೀಲರು ಬೇಕಿಲ್ಲ, ಶುಲ್ಕವಿಲ್ಲ, ಕನ್ನಡ ಸಾಕು.

ಮೊದಲು ದಿನಾಂಕ ನೋಡಿ. ಘಟನೆ ನಡೆದು ಒಂದು ವರ್ಷ ದಾಟಿದರೆ, 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಆಯೋಗ ವಿಚಾರಣೆ ಮಾಡುವಂತಿಲ್ಲ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡಿದರು, ಅಷ್ಟನ್ನೇ ಬರೆಯಿರಿ. ಸಿಟ್ಟು ಜಾಸ್ತಿ ಇರುತ್ತದೆ, ಆದರೂ ಬೈಗುಳ ಬೇಡ. ನಾವು ಅಂಗಾಲಿನ ಬಾಸುಂಡೆಯ ಫೋಟೋ, ಆಸ್ಪತ್ರೆ ಚೀಟಿಯ ಜೆರಾಕ್ಸ್ ಇಟ್ಟೆವು. ಬೆಂಗಳೂರಿನ ರಾಜ್ಯ ಆಯೋಗಕ್ಕೆ ಕಳಿಸಿದರೆ ದೆಹಲಿಯ ರಾಷ್ಟ್ರೀಯ ಆಯೋಗಕ್ಕೂ ಸುಮ್ನೆ ಕಳಿಸಬೇಡಿ. ಒಂದು ಕಡೆ ನಡೆಯುತ್ತಿರುವುದನ್ನು ಇನ್ನೊಂದು ಕಡೆ ತೆಗೆದುಕೊಳ್ಳುವುದಿಲ್ಲ.

ಆಯೋಗ ಶಿಕ್ಷೆ ಕೊಡುವುದಿಲ್ಲ, ಪರಿಹಾರಕ್ಕೆ, ಕ್ರಮಕ್ಕೆ ಶಿಫಾರಸು ಮಾಡುತ್ತದೆ. ಆದರೂ ಅದು ದೇಶಕ್ಕೆ ಬೇಕೇ ಬೇಕು. ಠಾಣೆ ಮೇಲಿನ ದೂರನ್ನು ಠಾಣೆಗೇ ಕೊಡೋಕಾಗುತ್ತಾ? ದೂರಿನ ನಂಬರ್ ಜೋಪಾನ ಮಾಡಿ. ಆ ತಾಯಿ ರೇಷನ್ ಕಾರ್ಡ್ ಜೊತೆ ಮಡಚಿಟ್ಟಿದ್ದಾರೆ.