ಹಳೆ ಮ್ಯಾಕ್‌ನಲ್ಲಿ ಫಾಂಟ್ ಜಾಸ್ತಿಯಾಯಿತೇ? ಸೂಟ್‌ಕೇಸ್ ಬೇಕೋ, ಜಗ್ಲರ್ ಬೇಕೋ

ಗೆಳೆಯನ ಮನೆಯ ಅಟ್ಟದಲ್ಲಿದ್ದ ಮ್ಯಾಕಿಂಟಾಷ್ ಎಸ್‌ಇ ಈಗ ನನ್ನ ಮೇಜಿನ ಮೇಲಿದೆ. 1987ರ ಮಾಡೆಲ್. ಸ್ವಿಚ್ ಹಾಕಿದರೆ ಎದ್ದೇಬಿಟ್ಟಿತು! ಆದರೆ ಆಪಲ್ ಮೆನುವಿಗೆ ಇನ್ನೊಂದು ಡೆಸ್ಕ್ ಆಕ್ಸೆಸರಿ ಸೇರಿಸಲು ಹೋದರೆ ಜಾಗವೇ ಇಲ್ಲ. ಕ್ಯಾಲ್ಕುಲೇಟರ್, ಅಲಾರಂ ಗಡಿಯಾರ, ನೋಟ್‌ಪ್ಯಾಡ್, ಪಜಲ್ ಅಂತ ಆಗಲೇ 15 ತುಂಬಿದ್ದವು. ಮಿತಿ ಅಷ್ಟೇ.

ಆ ಕಾಲದಲ್ಲಿ ಫಾಂಟ್‌ಗಳೂ ಆಕ್ಸೆಸರಿಗಳೂ 'ಸಿಸ್ಟಂ' ಅನ್ನುವ ಒಂದೇ ಫೈಲಿನ ಹೊಟ್ಟೆಯೊಳಗೆ ಇರುತ್ತಿದ್ದವು. ಅದಕ್ಕೇ ಈ ಇಕ್ಕಟ್ಟು.

ಮೊದಲು ಆಪಲ್ ಮೆನುವಿನ ಮೇಲ್ಗಡೆ ಸಾಲು ಒತ್ತಿ, ಆಪರೇಟಿಂಗ್ ಸಿಸ್ಟಂನ ಯಾವ ಆವೃತ್ತಿ ಇದೆ ನೋಡಿ. 1991ರ ಸಿಸ್ಟಂ 7 ಇದ್ದರೆ ತಲೆಬಿಸಿ ಬೇಡ, ಫಾಂಟನ್ನು ಎಳೆದು ಸಿಸ್ಟಂ ಫೋಲ್ಡರಿನ ಮೇಲೆ ಬಿಟ್ಟರೆ ಸಾಕು. ಸಿಸ್ಟಂ 6 ಆಗಿದ್ದರೆ ಮುಂದೆ ಓದಿ.

ಸಿಸ್ಟಂ ಫೈಲಿನ ಒಂದು ನಕಲು ಫ್ಲಾಪಿಯಲ್ಲಿ ಇಟ್ಟುಕೊಳ್ಳಿ. ಆಮೇಲೆ ಆಪಲ್‌ನದೇ ಆದ ಫಾಂಟ್/ಡಿಎ ಮೂವರ್ ತೆರೆಯಿರಿ (ಡಿಎ ಅಂದರೆ ಡೆಸ್ಕ್ ಆಕ್ಸೆಸರಿ). ಒಂದು ಪಟ್ಟಿಯಲ್ಲಿ ಸಿಸ್ಟಂ ಒಳಗಿನ ಫಾಂಟ್‌ಗಳು ಕಾಣುತ್ತವೆ. ಇನ್ನೊಂದು ಪಟ್ಟಿ ಖಾಲಿ. ಅದರ ಕೆಳಗಿನ ಬಟನ್ ಒತ್ತಿ ಹೊಸ ಫೈಲ್ ಮಾಡಿ, ಬೇಡದ ಫಾಂಟ್‌ಗಳನ್ನು 'ಕಾಪಿ' ಮಾಡಿ. ಅವು ಅಲ್ಲಿ ಬಂದದ್ದು ಕಣ್ಣಿಗೆ ಕಂಡ ಮೇಲೆ ಮಾತ್ರ ಈ ಕಡೆ 'ರಿಮೂವ್' ಒತ್ತಿ. ಚಿಕಾಗೊ, ಜಿನೀವಾ, ಮೊನಾಕೊ ಮುಟ್ಟಬೇಡಿ. ಮೆನುಗಳಲ್ಲಿ ಕಾಣುವ ಅಕ್ಷರವೇ ಚಿಕಾಗೊ. ಆಕ್ಸೆಸರಿಗಳಿಗೂ ಇದೇ ದಾರಿ. ಹೀಗೆ ಹುಟ್ಟಿದ ಫೈಲಿಗೆ ಪುಟ್ಟ ಪೆಟ್ಟಿಗೆಯ ಚಿತ್ರ ಇರುತ್ತದೆ, ಹೆಸರೂ ಸೂಟ್‌ಕೇಸ್.

ಈ ಪೆಟ್ಟಿಗೆಗಳನ್ನು ಸಿಸ್ಟಂ ಒಳಗೆ ತುರುಕದೆ ಹೊರಗಿನಿಂದಲೇ ಬಳಸಲು ಎರಡು ಸಾಫ್ಟ್‌ವೇರ್‌ಗಳಿದ್ದವು. ಒಂದು, ಸ್ಟೀವ್ ಬ್ರೆಕರ್ ಬರೆದದ್ದು, ಅದರ ಹೆಸರೂ ಸೂಟ್‌ಕೇಸ್. ಇನ್ನೊಂದು ಆಲ್‌ಸಾಫ್ಟ್ ಕಂಪನಿಯ ಮಾಸ್ಟರ್‌ಜಗ್ಲರ್, ಮುಂಚೆ ಫಾಂಟ್/ಡಿಎ ಜಗ್ಲರ್ ಆಗಿದ್ದದ್ದು. ಎರಡನ್ನೂ ಹಾಕುವ ಕ್ರಮ ಒಂದೇ: ಸಿಸ್ಟಂ ಫೋಲ್ಡರಿಗೆ ಹಾಕಿ, ರೀಸ್ಟಾರ್ಟ್ ಮಾಡಿ, ಆಪಲ್ ಮೆನುವಿನಿಂದ ಕರೆದು, ಬೇಕಾದ ಪೆಟ್ಟಿಗೆ ತೆರೆಯಿರಿ. 15ರ ಮಿತಿ ಅಲ್ಲಿಗೆ ಮುಗಿಯಿತು. ಆಗಲೇ ತೆರೆದಿರುವ ಪ್ರೋಗ್ರಾಂನಲ್ಲಿ ಹೊಸ ಫಾಂಟ್ ಕಾಣದಿದ್ದರೆ ಗಾಬರಿ ಬೇಡ, ಅದನ್ನು ಮುಚ್ಚಿ ತೆರೆಯಿರಿ.

ಯಾವುದು ಒಳ್ಳೆಯದು? ನನ್ನ ಓಟು ಸೂಟ್‌ಕೇಸ್‌ಗೆ. ಪೆಟ್ಟಿಗೆ ತೆಗೆಯೋದು, ಮುಚ್ಚೋದು, ಅಷ್ಟೇ ಕೆಲಸ. ಕಲಿಯಲು ಐದು ನಿಮಿಷ ಬೇಡ. ಜಗ್ಲರ್ ಪ್ರೋಗ್ರಾಂಗಳನ್ನೂ ತೆರೆದು ಕೊಡುತ್ತದೆ. ಒಂದೊಂದಕ್ಕೂ ಫೋಲ್ಡರ್ ಹುಡುಕಿ ಬೇಸತ್ತವರಿಗೆ ಅದು ಸರಿ. ಎರಡನ್ನೂ ಒಟ್ಟಿಗೆ ಮಾತ್ರ ಹಾಕಬೇಡಿ, ಇಬ್ಬರೂ ಕೈ ಹಾಕುವುದು ಒಂದೇ ಜಾಗಕ್ಕೆ. ಇನ್ನು, ಮೆಮೊರಿ ಬರೀ 1 ಎಂಬಿ ಇದ್ದು, ಬಳಸುವುದು ನಾಲ್ಕೇ ಫಾಂಟ್ ಆದರೆ ಎರಡೂ ಬೇಡ, ಮೂವರ್ ಸಾಕು.

ನಿಜವಾದ ತಲೆನೋವು ಬೇರೆ ಇದೆ. ಹಳೆ ಮ್ಯಾಕ್ ಫಾಂಟನ್ನು ಗುರುತಿಸುವುದು ನಂಬರಿನಿಂದ. ಶುರುವಿನಲ್ಲಿ ಇದ್ದದ್ದೇ 256 ನಂಬರ್, ಫಾಂಟ್ ಮಾಡುವವರು ಎಷ್ಟೋ ಜನ. ಎರಡು ಫಾಂಟ್‌ಗೆ ಒಂದೇ ನಂಬರ್ ಬಂದರೆ ಮೂವರ್ ಸದ್ದಿಲ್ಲದೆ ಒಂದರ ನಂಬರ್ ಬದಲಿಸುತ್ತದೆ. ನಿಮ್ಮ ಮ್ಯಾಕ್‌ನಲ್ಲಿ ಎಲ್ಲ ಸರಿ. ಅಲ್ಲಿ ಟೈಪ್ ಮಾಡಿದ ಫೈಲನ್ನು ಇನ್ನೊಂದು ಮ್ಯಾಕ್‌ಗೆ ಒಯ್ದರೆ ತಲೆಬರಹ ಬೇರೆಯದೇ ಅಕ್ಷರದಲ್ಲಿ ನಿಂತಿರುತ್ತದೆ! ನುಡಿಯಲ್ಲಿ ಟೈಪ್ ಮಾಡಿದ ಹಳೆ ಫೈಲು, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತಲ್ವಾ? ಕಾರಣ ಬೇರೆ, ಪೇಚಾಟ ಅದೇ.

ಸೂಟ್‌ಕೇಸ್‌ನ ಮುಂದಿನ ಆವೃತ್ತಿ ಸೂಟ್‌ಕೇಸ್ II ಜೊತೆ ಬರುತ್ತಿದ್ದ ಫಾಂಟ್ ಹಾರ್ಮನಿ ಅನ್ನುವ ಪ್ರೋಗ್ರಾಂ ಇಂಥ ನಂಬರ್ ಜಗಳ ಬಿಡಿಸುತ್ತದೆ. ಹೊಸದಾಗಿ ಶುರು ಮಾಡುವವರು ಮೊದಲು ಇದನ್ನು ಓಡಿಸಿ, ಆಮೇಲೆ ಟೈಪಿಂಗ್‌ಗೆ ಕೂರಿ. ಹಳೆ ಫೈಲುಗಳು ಆಗಲೇ ಇದ್ದರೆ ಓಡಿಸಬೇಡಿ. ನಂಬರ್ ಬದಲಾದರೆ ಅವೂ ಕೆಡುತ್ತವೆ. ಫೈಲನ್ನು ಬೇರೆಯವರಿಗೆ ಕೊಡುವಾಗ ಪೆಟ್ಟಿಗೆಯನ್ನೂ ಅದೇ ಫ್ಲಾಪಿಗೆ ಹಾಕಿ ಕೊಡಿ. ಎಸ್‌ಇ ಜೊತೆ ಬಂದ ಫ್ಲಾಪಿಗಳಲ್ಲಿ ಒಂದರ ಮೇಲೆ ಯಾರೋ ಪೆನ್ಸಿಲ್‌ನಲ್ಲಿ ಬರೆದಿದ್ದರು: 'ಫಾಂಟ್ ಸಮೇತ'.